ಹಲ್ಲಕ್ಕನ ಮಗಳು ಆರಿಸಿದ ವಿಷಯ

ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದು, ಬೂಟುಗಳನ್ನು ಒಂದೊಂದು ದಿಕ್ಕಿಗೆ ಒದ್ದು, "ಅಮ್ಮಾ, ವಿಷಯ ಆರಿಸಿಬಿಟ್ಟೆ! ಚಿಕ್ಕಿ!" ಎಂದು ಕೂಗಿದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಲ್ಲಿ ನಿಲ್ಲಿಸಿದಳು.

ವಿಷಯ ಇಷ್ಟೇ. ತರಗತಿಯ ಪ್ರತಿಯೊಬ್ಬರೂ ತಮ್ಮ ಕುಟುಂಬದ ಒಬ್ಬರ ಕೆಲಸದ ಬಗ್ಗೆ ಎಲ್ಲರೆದುರು ನಿಂತು ಮಾತಾಡಬೇಕು. ಬರೀ ಮಾತಲ್ಲ, ತೋರಿಸುವುದಕ್ಕೆ ಏನಾದರೂ ತರಲೂ ಬೇಕು. ಯಾರ ಬಗ್ಗೆ ಮಾತಾಡುತ್ತೇವೆಂದು ಹಿಂದಿನ ಗೋಡೆಯ ಹಾಳೆಯಲ್ಲಿ ಬರೆಯಬೇಕು. ಮನಸ್ಸು ಬದಲಾದರೆ ಅಳಿಸಿ ಬೇರೆಯವರ ಹೆಸರು ಬರೆಯಬಹುದು ಎಂದು ಟೀಚರು ಹೇಳಿದ್ದರಂತೆ. ಮಗಳು ಮನಸ್ಸು ಬದಲಾಯಿಸುವ ಮಾತೇ ಇರಲಿಲ್ಲ. ದಪ್ಪ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಕೆಂಪು ಗಾಡಿಯನ್ನೂ ಬಿಡಿಸಿ ಬಂದಿದ್ದಳು.

ಚಿಕ್ಕಿ ಎಂದರೆ ತಾಯಿಯ ಒಡಹುಟ್ಟಿದ ತಂಗಿ. ಅಗ್ನಿಶಾಮಕ ದಳದಲ್ಲಿ ಆ ಕೆಂಪು ಗಾಡಿ ಓಡಿಸುವವಳು. ಊರಿನ ಬೆಂಕಿಯನ್ನೆಲ್ಲ ನಂದಿಸುವ ಈ ಮಹಾರಾಯ್ತಿ ಅಕ್ಕನ ಮನೆಗೆ ಬಂದಾಗ ಮಾತ್ರ ಹಚ್ಚಿಟ್ಟು ಹೋಗುತ್ತಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ ಎಂಬುದು ಅಕ್ಕನನ್ನು ಇನ್ನೂ ಹೆಚ್ಚು ಉರಿಸುವ ಸಂಗತಿ. ಬೇಕೆಂದೇ ಮಾಡುವವರ ಜತೆ ಜಗಳವನ್ನಾದರೂ ಆಡಬಹುದು.

"ಚಿಕ್ಕಿ ನಮ್ಮ ಕುಟುಂಬ ಹೇಗಾಗ್ತಾಳೆ? ಅವಳ ಮನೆ ಬೇರೆ, ಅಡುಗೆ ಬೇರೆ" ಎಂದಳು ತಾಯಿ.

"ಟೀಚರ್‌ನ ಕೇಳ್ದೆ. ಚಿಕ್ಕಮ್ಮನೂ ಆಗುತ್ತೆ ಅಂದ್ರು."

"ಮನೇಲೇ ಇರೋರ ಕೆಲಸ ಯಾಕೆ ಆಗಲ್ಲ?"

ಮಗಳು ಸ್ವಲ್ಪ ಯೋಚಿಸಿದಳು. "ಅಪ್ಪ ಲಿಫ್ಟ್ ರಿಪೇರಿ ಮಾಡ್ತಾರೆ. ಲಿಫ್ಟ್ ತರೋಕಾಗಲ್ಲವಲ್ಲಮ್ಮ."

ಮನೆಯಲ್ಲಿರುವುದು ಮೂರೇ ಜನ. ಮಗಳು ಅಪ್ಪನ ಹೆಸರು ಹೇಳಿ ಅಲ್ಲಿಗೆ ನಿಲ್ಲಿಸಿದ್ದಳು. ತಾಯಿ ಮತ್ತೆ ನಲ್ಲಿ ತಿರುಗಿಸಿ, ಆಗಲೇ ತೊಳೆದಿದ್ದ ಬಾಣಲೆಯನ್ನು ಎತ್ತಿಕೊಂಡು ಇನ್ನೊಂದು ಸಲ ಉಜ್ಜಿದಳು.

ಅವಳು ಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕೆಳಗಿನ ಮಹಡಿಗೆ ಕಳಿಸುತ್ತಾರೆ. ಅಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಅವಳು ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಎರಕ ಹೊಯ್ದು, ಉಜ್ಜಿ, ಹೊಳಪು ಕೊಡುತ್ತಾಳೆ. ಮೇಲಿನ ಡಾಕ್ಟರಿಂದ ಹಿಡಿದು ಕೆಳಗಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಹಲ್ಲಕ್ಕ. ಕೆಲಸದಲ್ಲಿ ಎತ್ತಿದ ಕೈ. ಬಿಳಿ ಎನ್ನುವ ಒಂದು ಬಣ್ಣ ಅವಳ ಮಟ್ಟಿಗೆ ಇಲ್ಲವೇ ಇಲ್ಲ. ಚಹಾ ಕುಡಿಯುವವರ ಬಿಳಿ, ಸಿಗರೇಟಿನವರ ಬಿಳಿ, ಮುದುಕರ ಬಿಳಿ, ಎಲ್ಲವೂ ಬೇರೆ ಬೇರೆ. ಆದರೆ ಈ ಕಸುಬಿನ ಹಣೆಬರಹವೇ ವಿಚಿತ್ರ. ಮಾಡಿದ ಹಲ್ಲನ್ನು ಯಾರೂ ಗುರುತಿಸಬಾರದು. ಗುರುತಿಸಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಹಲ್ಲಕ್ಕನ ಕೆಲಸ ಕೆಟ್ಟದ್ದೇ ಕಡಿಮೆ. ಹಾಗಾಗಿ ಅವಳ ಕೆಲಸವನ್ನು ನೋಡಿದವರೂ ಇರಲಿಲ್ಲ, ಹೊಗಳಿದವರೂ ಇರಲಿಲ್ಲ.

ತಂಗಿಯ ಕೆಲಸವೋ, ಗಂಟೆ ಬಾರಿಸಿಕೊಂಡೇ ಬರುತ್ತದೆ. ರಸ್ತೆಯ ಗಾಡಿಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.

ತಂಗಿ ಹುಟ್ಟಿದ ದಿನದಿಂದಲೂ ಇದೇ ಕತೆ ಎಂದು ಹಲ್ಲಕ್ಕನ ದೂರು. ಮನೆಗೆ ಬಂದ ಅತ್ತೆ, ಮಾವ, ದೊಡ್ಡಮ್ಮ, ಪಕ್ಕದ ಮನೆಯವರು, ಕೊನೆಗೆ ವಿದ್ಯುತ್ ಮೀಟರು ನೋಡಲು ಬಂದವನೂ "ಚಿಕ್ಕದರ ನಗು ನೋಡಿ, ಎಷ್ಟು ಚೆಂದ" ಎನ್ನುತ್ತಿದ್ದರು. ಆಮೇಲೆ ದೊಡ್ಡವಳ ಕಡೆ ತಿರುಗಿ, ಏನಾದರೂ ಹೇಳಲೇಬೇಕಲ್ಲ ಎಂದು, "ಇವಳು ಓದ್ತಾಳಾ?" ಎಂದು ಕೇಳುತ್ತಿದ್ದರು. ದೊಡ್ಡವಳು ಓದುತ್ತಿದ್ದಳು. ಇನ್ನೇನು ಮಾಡಬೇಕಿತ್ತು?

ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಅದೇ ಸಾಲಿಗೆ ಸೇರಿದಳು. ಯಾರು ಬೇಕಾದರೂ ಸೇರಲಿ, ಇವಳೊಬ್ಬಳು ಸೇರಬಾರದಿತ್ತು ಎಂದು ಹಲ್ಲಕ್ಕನಿಗೆ ಅಳುವೇ ಬಂದಂತಾಯಿತು. ಹಾಳೆಯ ಮೇಲಿನ ಆ ಹೆಸರನ್ನು ಅಳಿಸಿ ತನ್ನ ಹೆಸರು ಬರೆಸದೆ ಬಿಡಬಾರದೆಂದು ಅಲ್ಲೇ, ಸೋಪಿನ ಕೈಯಲ್ಲೇ, ತೀರ್ಮಾನಿಸಿದಳು. ಬಾಯಿಬಿಟ್ಟು ಮಾತ್ರ ಕೇಳುವುದಿಲ್ಲ. ನನ್ನ ಬಗ್ಗೆ ಮಾತಾಡು ಎಂದು ಮಗಳ ಮುಂದೆ ಗೋಗರೆಯುವಷ್ಟು ಕೆಳಗಿಳಿಯುವುದು ಹೇಗೆ? ಮಗಳಿಗೆ ತಾನಾಗಿಯೇ ಹೊಳೆಯಬೇಕು.

ಹೊಳೆಸುವ ಕೆಲಸ ಮರುದಿನವೇ ಶುರುವಾಯಿತು. ಅರ್ಧ ದಿನದ ಶಾಲೆ ಮುಗಿಸಿ ಬಂದ ಮಗಳನ್ನು, ಮನೆಯಲ್ಲಿ ಒಬ್ಬಳೇ ಇರಬೇಡ ಎಂಬ ನೆಪ ಹೇಳಿ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ಅಂಥ ದಿನಗಳಲ್ಲಿ ಯಾವಾಗಲೂ ಒಬ್ಬಳೇ ಇರುತ್ತಿದ್ದ ಮಗಳು ಅನುಮಾನದಿಂದ ನೋಡಿದರೂ ಹಿಂದೆ ಬಂದಳು.

ಅವತ್ತು ಹಲ್ಲಕ್ಕ ಮೇಜನ್ನು ಮದುಮಗಳಂತೆ ಸಿಂಗರಿಸಿದ್ದಳು. ಅಚ್ಚುಗಳನ್ನು ಸಾಲಾಗಿ ಜೋಡಿಸಿ, ಬಣ್ಣದ ಮಾದರಿ ಹಲ್ಲುಗಳನ್ನು ಬೀಸಣಿಗೆಯಂತೆ ಬಿಚ್ಚಿಟ್ಟು, "ಇದರಲ್ಲಿ ನಿಂದು ಯಾವ ಬಣ್ಣ ಹೇಳು ನೋಡೋಣ?" ಎಂದಳು.

"ಬಿಳಿ" ಎಂದಳು ಮಗಳು, ಮೂಗು ಹಿಡಿದುಕೊಂಡು. "ಇದೇನಮ್ಮ ವಾಸನೆ?"

"ಅದು ಒಸಡು ಮಾಡೋ ದ್ರವ. ರೂಢಿಯಾಗುತ್ತೆ. ಇಲ್ಲಿ ನೋಡು, ಈ ಕೋರೆಹಲ್ಲಿನ ಬುಡ ಸ್ವಲ್ಪ ಹಳದಿ ಇಡ್ಬೇಕು. ಪೂರ್ತಿ ಬಿಳಿ ಇಟ್ರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ."

"ಹೂಂ" ಎಂದಳು ಮಗಳು. ಒಂದು ದವಡೆಯನ್ನು ಎತ್ತಿಕೊಂಡು ಕಟಕಟ ಮಾತಾಡಿಸಿದಳು. ಎರಡು ಸಲ ನಕ್ಕಳು. ಹಲ್ಲಕ್ಕನ ಎದೆ ಅರಳಿತು. ಮೇಣ ಕರಗಿಸಿ, ಚಾಕುವಿನ ತುದಿಯಲ್ಲಿ ಒಸಡಿನ ಅಂಚು ತೀಡುವುದನ್ನು ತೋರಿಸಲು ಬಗ್ಗಿದಳು. ಕೈ ಎಷ್ಟು ನವಿರಾಗಿ ಓಡಿತೆಂದರೆ ಅವಳಿಗೇ ಅವಳ ಮೇಲೆ ಅಭಿಮಾನವಾಯಿತು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಸೈರನ್ ಕೂಗಿತು.

ಮಗಳು ಕಿಟಕಿಗೆ ಹಾರಿದಳು. "ಚಿಕ್ಕಿ! ಅಮ್ಮಾ, ಚಿಕ್ಕಿ ಗಾಡಿ!" ಪಕ್ಕದ ಮೇಜಿನವರೂ ಎದ್ದು ಬಂದರು. ಯಾವತ್ತೂ ಜಾಗ ಬಿಟ್ಟು ಕದಲದ ಹೊಳಪಿನ ಯಂತ್ರದವರು ಕೂಡ ಯಂತ್ರ ನಿಲ್ಲಿಸಿ ಬಂದು ಕತ್ತು ಚಾಚಿದರು. ಚಾಕು ಹಿಡಿದ ಹಲ್ಲಕ್ಕ ಒಬ್ಬಳೇ ಮೇಜಿನ ಹತ್ತಿರ ಉಳಿದಳು. ಊರಿಗೆ ಬೆಂಕಿ ಬೀಳುವುದಕ್ಕೂ ಇವತ್ತೇ ಆಗಬೇಕಿತ್ತೇ ಎಂದುಕೊಂಡಳು. ಯಾರ ಮನೆ ಉರಿಯುತ್ತಿದೆಯೋ ಎಂಬ ಯೋಚನೆ ಬಂದದ್ದು ಅದಾದ ಮೇಲೆ. ಅದಕ್ಕಾಗಿ ನಾಚಿಕೆಯೂ ಆಯಿತು, ಆದರೆ ಹೊಟ್ಟೆಯುರಿ ಕಡಿಮೆಯಾಗಲಿಲ್ಲ.

ಮುಂದಿನ ವಾರದ ಕೊನೆಗೆ ಚಿಕ್ಕಿಯೇ ಮನೆಗೆ ಬಂದಳು, ಕೈಯಲ್ಲಿ ಹೆಲ್ಮೆಟ್ಟು ಹಿಡಿದುಕೊಂಡು. ಮಗಳು ಫೋನಿನಲ್ಲಿ ಕೇಳಿಕೊಂಡಿದ್ದಳಂತೆ. ಹೆಲ್ಮೆಟ್ಟು ಮಗಳ ತಲೆಗೇರಿತು, ಆಮೇಲೆ ಹಲ್ಲಕ್ಕನ ಗಂಡನ ತಲೆಗೇರಿತು. ಮದುವೆಯಾದಂದಿನಿಂದ ಹೆಂಡತಿಯ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದ ಆ ಪುಣ್ಯಾತ್ಮ, ನಾದಿನಿಯ ಪೈಪಿನಲ್ಲಿ ನೀರು ಎಷ್ಟು ಜೋರಾಗಿ ಬರುತ್ತದೆಂದು ಕೇಳಿದ್ದೇ ಕೇಳಿದ್ದು. ಚಿಕ್ಕಿ ಒಂದಕ್ಕೆ ಎರಡು ಸೇರಿಸಿ ಹೇಳುತ್ತ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಅದೇ ನಗು.

"ಚಿಕ್ಕಿ, ನಿನ್ನ ನಗು ಎಷ್ಟು ಚೆಂದ" ಎಂದಳು ಮಗಳು.

ಚಹಾ ತಂದ ಹಲ್ಲಕ್ಕ ಲೋಟಗಳನ್ನು ಠಕ್ಕೆಂದು ಮೇಜಿಗೆ ಇಟ್ಟಳು. ಒಂದರಲ್ಲಿ ಸಕ್ಕರೆ ಹಾಕುವುದನ್ನು ಮರೆತಿದ್ದಳು. ಮರೆತಿದ್ದಳೋ ಇಲ್ಲವೋ, ಆ ಲೋಟ ತಂಗಿಯ ಮುಂದೆಯೇ ಬಂತು.

ತಂಗಿ ಹೋದ ಮೇಲೆ, ಮಗಳ ಕೂದಲು ಬಾಚುವಾಗ ಮಾತು ಹೊರಬಿತ್ತು. ಬಿಡಿಸಲಾಗದ ಸಿಕ್ಕೊಂದನ್ನು ಎಳೆಯುತ್ತ ಹಲ್ಲಕ್ಕ ಹೇಳಿಬಿಟ್ಟಳು. "ಆ ನಗು ನಗು ಅಂತೀಯಲ್ಲ. ಅದು ನಾನು ಮಾಡಿದ್ದು."

"ಅಂದ್ರೆ?"

"ಅವಳ ಮೇಲಿನ ಎರಡು ಮುಂದಿನ ಹಲ್ಲು ಅವಳದ್ದಲ್ಲ. ಟ್ರೈನಿಂಗಲ್ಲಿ ಪೈಪಿನ ಹಿತ್ತಾಳೆ ಮೂತಿ ಬಾಯಿಗೆ ಬಡಿದು ಉದುರಿಹೋದ್ವು. ನಾನೇ ಮಾಡಿ ಕೊಟ್ಟೆ. ತೆಗೆದು ಹಾಕೋ ಹಲ್ಲು ಅದು."

ಹೇಳಿದ ತಕ್ಷಣ ಬಾಚಣಿಗೆ ನಿಂತಿತು. ಈ ಗುಟ್ಟನ್ನು ಯಾರಿಗೂ ಹೇಳಬೇಡವೆಂದು ತಂಗಿ ಅವಳ ಕೈ ಹಿಡಿದು ಬೇಡಿಕೊಂಡಿದ್ದಳು. ತಂಗಿ ಕಟ್ಟಿಕೊಂಡ ಗಂಡನಿಗೂ ಗೊತ್ತಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡೇ ಅದನ್ನು ತೊಳೆಯುತ್ತಾಳೆ. ಹಲ್ಲಕ್ಕ ಇಷ್ಟು ವರ್ಷ, ಎಂಥ ಸಿಟ್ಟಿನಲ್ಲೂ, ಅದನ್ನು ತುಟಿ ದಾಟಲು ಬಿಟ್ಟಿರಲಿಲ್ಲ.

"ಯಾರಿಗೂ ಹೇಳ್ಬಾರ್ದು. ನನ್ನ ಮೇಲೆ ಆಣೆ ಇಡು" ಎಂದಳು.

"ಯಾರಿಗೂ ಹೇಳಲ್ಲ" ಎಂದಳು ಮಗಳು. ಅವಳು ತಿರುಗಿ ಕೂತು, ಹುಟ್ಟಿದಾಗಿನಿಂದ ನೋಡಿರದಂಥ ಕಣ್ಣಿನಿಂದ ತಾಯಿಯನ್ನು ನೋಡುತ್ತಿದ್ದಳು. ಆ ನೋಟಕ್ಕಾಗಿ ಹಲ್ಲಕ್ಕ ಇನ್ನೂ ನಾಲ್ಕು ಗುಟ್ಟು ಹೇಳಲು ತಯಾರಿದ್ದಳು. ಅದು ಅವಳಿಗೇ ಗೊತ್ತಾಗಿ ಹೆದರಿಕೆಯಾಯಿತು.

ಅಲ್ಲಿಂದಾಚೆಗೆ ಮಗಳು ವಿಷಯದ ಬಗ್ಗೆ ತುಟಿ ಬಿಚ್ಚಲಿಲ್ಲ. ಕೇಳಿದರೆ "ಅವತ್ತು ಬಂದು ನೋಡು" ಎನ್ನುತ್ತಿದ್ದಳು. ಹಾಳೆಯಲ್ಲಿ ಯಾರ ಹೆಸರಿದೆ ಎಂದು ನೇರವಾಗಿ ಕೇಳಲು ಹಲ್ಲಕ್ಕನಿಗೆ ಧೈರ್ಯವಿರಲಿಲ್ಲ. ಶಾಲೆಗೆ ಹೋಗಿ ಗೋಡೆ ನೋಡಿ ಬರಲೇ ಎಂದು ಒಂದು ದಿನ ಗೇಟಿನವರೆಗೂ ಹೋಗಿ, ಕಾವಲುಗಾರ "ಏನಾಗಬೇಕಿತ್ತಮ್ಮ?" ಎಂದದ್ದಕ್ಕೆ "ಏನಿಲ್ಲ, ದಾರಿ ತಪ್ಪಿತು" ಎಂದು ವಾಪಸು ಬಂದಳು.

ಆ ದಿನ ಹೆತ್ತವರು ಬರಬಹುದೆಂದು ಟೀಚರು ತಿಳಿಸಿದ್ದರು. ಹಲ್ಲಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಉಗುರಿನ ಸಂದಿನ ಮೇಣವನ್ನು ಕೆರೆದು ತೆಗೆದು, ತರಗತಿಯ ಬಾಗಿಲಲ್ಲಿ ನಿಂತಳು. ಮೊದಲ ಬೆಂಚಿನಲ್ಲಿ, ಹಿತ್ತಾಳೆ ಗುಂಡಿಗಳ ಸಮವಸ್ತ್ರದಲ್ಲಿ, ತಂಗಿ ಕೂತಿದ್ದಳು. ಸುತ್ತ ಮಕ್ಕಳು ಮುತ್ತಿಕೊಂಡಿದ್ದರು.

ಗುಟ್ಟು ಕೊಟ್ಟರೂ ಸಾಲಲಿಲ್ಲ. ಹಲ್ಲಕ್ಕ ನೆಟ್ಟಗೆ ಹೋಗಿ ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತಳು. ತಂಗಿ ತಿರುಗಿ ನೋಡಿದಳು. ಯಾವಾಗಿನಂತೆ ಕೈ ಬೀಸಲಿಲ್ಲ, ನಗಲೂ ಇಲ್ಲ. ಸಮವಸ್ತ್ರ ಹಾಕಿದರೆ ಇಷ್ಟು ಜಂಬವೇ ಎಂದುಕೊಂಡಳು ಹಲ್ಲಕ್ಕ.

ಒಬ್ಬ ಹುಡುಗ ಅಜ್ಜನ ಕೈಗಡಿಯಾರದ ಅಂಗಡಿಯ ಬಗ್ಗೆ ಮಾತಾಡಿದ. ಒಬ್ಬಳು ಅಣ್ಣನ ಬೇಕರಿಯ ಬಗ್ಗೆ ಹೇಳಿ, ಎಲ್ಲರಿಗೂ ಒಂದೊಂದು ಬನ್ನು ಹಂಚಿ ಭಾರೀ ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ಹಲ್ಲಕ್ಕನ ಮಗಳು ಎದ್ದಳು.

"ನನ್ನ ವಿಷಯ, ನನ್ನಮ್ಮನ ಕೆಲಸ" ಎಂದಳು.

ಹಲ್ಲಕ್ಕನಿಗೆ ಕಿವಿ ಗುಂಯ್‌ಗುಟ್ಟಿತು. ಮಗಳು ಹೇಳುತ್ತ ಹೋದಳು. ಮೇಣ, ಅಚ್ಚು, ಬುಡದ ಹಳದಿ, ಎಲ್ಲವನ್ನೂ. ಮೂಗು ಹಿಡಿದುಕೊಂಡೇ ಈ ಹುಡುಗಿ ಇಷ್ಟೆಲ್ಲ ನೋಡಿದ್ದಳಲ್ಲ! ಪಕ್ಕದಲ್ಲಿ ಕೂತ ಯಾರದೋ ತಾಯಿ "ನೀವೇನಾ?" ಎಂದು ಪಿಸುಗುಟ್ಟಿದರು. ಹಲ್ಲಕ್ಕ ಹೌದೆಂದು ತಲೆಯಾಡಿಸಿದಳು. ಬದುಕಿನಲ್ಲಿ ಅಷ್ಟು ಸಂತೋಷವಾಗಿ ಅವಳು ತಲೆಯಾಡಿಸಿದ್ದೇ ಇಲ್ಲ.

"ಅಮ್ಮ ಮಾಡಿದ ಹಲ್ಲು ಯಾರಿಗೂ ಗೊತ್ತಾಗಲ್ಲ" ಎಂದಳು ಮಗಳು. "ಚಿಕ್ಕಿ ಬೆಳಗ್ಗೆಯಿಂದ ಇಲ್ಲೇ ಕೂತಿದಾರೆ. ನಿಮಗ್ಯಾರಿಗಾದ್ರೂ ಗೊತ್ತಾಯ್ತಾ?"

ಹಲ್ಲಕ್ಕನ ಸಂತೋಷ ಅಲ್ಲೇ ಹೆಪ್ಪುಗಟ್ಟಿತು. ಬೇಡ ಎನ್ನಬೇಕೆಂದು ಅರ್ಧ ಎದ್ದಳು. ಯಾರಿಗೂ ಹೇಳಲ್ಲ ಎಂದಿದ್ದ ಹುಡುಗಿ ಯಾರಿಗೂ ಹೇಳಿರಲಿಲ್ಲ. ನೆಟ್ಟಗೆ ಹಲ್ಲಿನ ಒಡತಿಯನ್ನೇ ಕೇಳಿಕೊಂಡಿದ್ದಳು. ಅದು ಹೇಳಿದಂತೆ ಹೇಗಾದೀತು ಎಂಬುದು ಅವಳ ಲೆಕ್ಕ.

ಚಿಕ್ಕಿ ಎದ್ದು ಮುಂದೆ ಹೋದಳು. ಕಪ್ಪುಹಲಗೆಯ ಕಡೆ ತಿರುಗಿ, ಬಾಯಿಗೆ ಕೈ ಹಾಕಿ, ಕರವಸ್ತ್ರದ ಮೇಲೆ ಏನನ್ನೋ ಇಟ್ಟಳು. ಬೆನ್ನು ತಿರುಗಿಸಿಯೇ ಸ್ವಲ್ಪ ಹೊತ್ತು ನಿಂತಳು. ಎಷ್ಟೋ ಬೆಂಕಿಗೆ ನುಗ್ಗಿದವಳ ಕತ್ತು ಕೆಂಪಾಗಿದ್ದುದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಆಮೇಲೆ ತಿರುಗಿದಳು. ಬಾಯಿ ಮುಚ್ಚಲು ಎದ್ದ ಕೈಯನ್ನು ಬಲವಂತವಾಗಿ ಕೆಳಗಿಳಿಸಿ ನಕ್ಕಳು.

ಮಕ್ಕಳು ಹೋ ಎಂದು ನಕ್ಕರು. ಒಬ್ಬ "ಅಜ್ಜಿ!" ಎಂದು ಕೂಗಿದ. ಟೀಚರು ಗದರಿಸಿದರು. ನಗು ನಿಂತ ಮೇಲೆ ಯಾರೋ ಚಪ್ಪಾಳೆ ಶುರುಮಾಡಿದರು, ಇಡೀ ತರಗತಿ ತಟ್ಟಿತು. ಕಿಟಕಿಯ ಗಾಜು ಅದುರಿತು. ಇಂಥ ಹೊತ್ತಿನಲ್ಲೂ, ದೇವರಾಣೆ, ಹಲ್ಲಕ್ಕನಿಗೆ ಮೊದಲು ಅನಿಸಿದ್ದು ಒಂದೇ. ಹಲ್ಲಿಲ್ಲದಿದ್ದರೂ ಚಪ್ಪಾಳೆ ಇವಳಿಗೇ! ಅದರ ಬೆನ್ನಿಗೇ, ತಂಗಿಯ ಕೈ ಮತ್ತೆ ಬಾಯಿಯ ಕಡೆ ಏರುತ್ತಿರುವುದನ್ನು ಕಂಡಳು. ತಾನು ಎಂಥವಳು ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಟೀಚರು ಕರವಸ್ತ್ರದ ಮೇಲೆ ಬಗ್ಗಿ ನೋಡುತ್ತಿದ್ದರು. "ಎಡಗಡೆ ಹಲ್ಲು ಸ್ವಲ್ಪ ಓರೆಯಾಗಿದೆಯಲ್ಲ? ಕೂರಿಸೋವಾಗ ತಪ್ಪಿದ್ದಾ?"

"ತಪ್ಪಲ್ಲ" ಎಂದಳು ಚಿಕ್ಕಿ. ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. "ನನ್ನ ಹಲ್ಲೇ ಹಾಗಿತ್ತು. ಅದರ ತುದೀಲಿ ಒಂದು ಚೂರು ಚಕ್ಕೆ ಎದ್ದಿತ್ತು, ಅದೂ ಇದೆ ನೋಡಿ."

"ಫೋಟೋ ಕೊಟ್ಟಿದ್ರಾ?"

"ಇಲ್ಲ. ಹೇಗೆ ಮಾಡಿದ್ಲೋ, ನಾನು ಕೇಳಲೇ ಇಲ್ಲ. ಅಲ್ಲಿದಾಳೆ, ನೀವೇ ಕೇಳಿ."

ಇಡೀ ತರಗತಿ ಹಿಂದಕ್ಕೆ ತಿರುಗಿತು. ಮಗಳೂ ಕಣ್ಣರಳಿಸಿ ನೋಡುತ್ತಿದ್ದಳು. ಇದೇ ಗಳಿಗೆಗಾಗಿ ಹಲ್ಲಕ್ಕ ಹಾರಾಡಿದ್ದು. ಎದ್ದು ನಿಂತಳು. ಅನುಭವ, ಕೈಚಳಕ ಎಂದು ಏನಾದರೂ ಹೇಳಿ ಕೂರಬಹುದಿತ್ತು. ಮುಂದೆ ತಂಗಿ ಬರಿಬಾಯಿಯಲ್ಲಿ ನಿಂತಿರುವಾಗ ಸುಳ್ಳು ಹೊರಡಲಿಲ್ಲ.

"ಹೊಟ್ಟೆಕಿಚ್ಚಿಂದ" ಎಂದಳು. "ಮನೆಗೆ ಬಂದವರೆಲ್ಲ ಅವಳ ನಗೂನೇ ಹೊಗಳ್ತಿದ್ರು. ಅಂಥದ್ದೇನಿದೆ ಅದರಲ್ಲಿ ಅಂತ ನಾನು ದಿನಾ ಕದ್ದು ಕದ್ದು ನೋಡ್ತಿದ್ದೆ. ಒಂದೊಂದು ಹಲ್ಲೂ ಗೊತ್ತಿತ್ತು ನಂಗೆ. ಅಚ್ಚು ಮುಂದಿಟ್ಟಾಗ ಫೋಟೋ ಬೇಕು ಅಂತ ಅನಿಸ್ಲೇ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರು ಕನ್ನಡಕ ಸರಿಮಾಡಿಕೊಂಡು ಮುಂದಿನವರನ್ನು ಕರೆದರು.

ಹೊರಗೆ ಮಕ್ಕಳು ಕೈ ತೊಳೆಯುವ ನಲ್ಲಿಗಳ ಸಾಲಿನಲ್ಲಿ ತಂಗಿ ಹಲ್ಲು ತೊಳೆಯುತ್ತಿದ್ದಳು. ಹಲ್ಲಕ್ಕ ಪಕ್ಕಕ್ಕೆ ಹೋಗಿ ನಿಂತಳು.

"ನೀನೇ ಹೇಳಿದ್ದು" ಎಂದಳು ತಂಗಿ, ಮುಖ ಎತ್ತದೆ.

"ನಾನೇ."

"ಯಾಕೆ?"

"ಅವಳು ನಿನ್ನನ್ನ ಆರಿಸಿದ್ಳು ಅಂತ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ಆ ಮಗು ಫೋನ್ ಮಾಡಿ, ಅಮ್ಮನ ಕೆಲಸ ತೋರಿಸೋಕೆ ನಿನ್ನ ಬಿಟ್ರೆ ಬೇರೆ ಏನೂ ಇಲ್ಲ ಚಿಕ್ಕಿ ಅಂತು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಇವತ್ತು ಮನೆಗೆ ಹೋಗಿ ಗಂಡನಿಗೂ ಹೇಳ್ಬೇಕು. ಇದಕ್ಕೆ ನಿನ್ನ ಜತೆ ಜಗಳ ಇದೆ. ಸುಮ್ನೆ ಬಿಡ್ತೀನಿ ಅಂದ್ಕೋಬೇಡ."

"ಆಡು."

ತಂಗಿ ನಲ್ಲಿ ನಿಲ್ಲಿಸಿದಳು. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. "ದಿನಾ ನೋಡ್ತಿದ್ದೆ ಅಂದ್ಯಲ್ಲ ಅಕ್ಕ, ನಿಜಾನಾ?"

"ನಿಜ."

"ನಾನು ಅಷ್ಟೊಂದು ನಗ್ತಿದ್ದಿದ್ದೇ ನೀನು ನೋಡ್ಲಿ ಅಂತ. ಬಂದವರೆಲ್ಲ ನೋಡ್ತಿದ್ರು, ನೀನೊಬ್ಳು ಪುಸ್ತಕದಿಂದ ತಲೇನೇ ಎತ್ತುತಿರ್ಲಿಲ್ಲ. ಅಕ್ಕನಿಗೆ ನಾನು ಬೇಡ ಅಂತ ಅಮ್ಮನ ಹತ್ರ ಹೋಗಿ ಅಳ್ತಿದ್ದೆ."

ಹಲ್ಲಕ್ಕ ತಂಗಿಯ ಅಂಗೈಯಿಂದ ಹಲ್ಲು ತೆಗೆದುಕೊಂಡು, ನೀರು ಕೊಡವಿ, "ಬಾಯಿ ತೆಗಿ" ಎಂದಳು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಹಲ್ಲು ಕೂರಿಸಿದ ಮೇಲೆ ಡಾಕ್ಟರು ಎಲ್ಲರಿಗೂ ಹೇಳುವಂತೆ, "ಎಲ್ಲಿ, ಒಂದ್ಸಲ ನಗು ನೋಡೋಣ" ಎಂದಳು.

"ಈಗ ಬರಲ್ಲ" ಎಂದಳು ತಂಗಿ. "ಸಿಟ್ಟಿದೆ."

"ಬರ್ಲಿ, ನಿಧಾನಕ್ಕೆ" ಎಂದು ಹಲ್ಲಕ್ಕ ಅಲ್ಲೇ, ಅವಳ ಮುಖವನ್ನೇ ನೋಡುತ್ತ ನಿಂತಳು.